ಯಾವ ಹೊಸಹಳ್ಳಿ?

ಜಗಳೂರಿನಿಂದ ದಾವಣಗೆರೆಗೆ ಮೊದಲ ಬಸ್ಸು ಬೆಳಿಗ್ಗೆ ಆರೂವರೆಗೆ ಎಂದು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಬರೆದಿತ್ತು. ಅಂದು ಅದು ಏಳೂಕಾಲಿಗೆ ಹೊರಟಿತು. ಬಾಂಗ್ಲಾ ಯುದ್ಧ ಮುಗಿದು ನಾಲ್ಕು ತಿಂಗಳಾಗಿತ್ತು, ಶಾಲೆಗೆ ಬೇಸಿಗೆ ರಜೆ ಬಿಟ್ಟು ಮೂರು ದಿನ. ರಜೆಯಲ್ಲಿ ಮನೆಗೆ ಸುಣ್ಣ ಹೊಡೆಸುವುದಾಗಿ ಹೆಂಡತಿಗೆ ಮಾತು ಕೊಟ್ಟಿದ್ದ ನಾನು, ಕೈಚೀಲದಲ್ಲಿ ಎರಡು ಪಂಚೆ, ಒಂದು ಅಂಗಿ ಹಾಕಿಕೊಂಡು ಕಿಟಕಿಯ ಪಕ್ಕ ಕುಳಿತಿದ್ದೆ. ನನ್ನ ಪಕ್ಕದಲ್ಲಿ ಧನಸಿಂಗ್ ಎಂಬ ಇಪ್ಪತ್ತಮೂರು ವರ್ಷದ ಸಿಪಾಯಿ. ಅವನ ತೊಡೆಯ ಮೇಲೆ ಮಡಿಸಿದ ಒಂದು ಕರಿ ಕಂಬಳಿ.

ಅವನು ನನ್ನ ಪಾಲಿಗೆ ಬಂದದ್ದು ಹಿಂದಿನ ದಿನ ಮಧ್ಯಾಹ್ನ. ಹೈಸ್ಕೂಲಿನಲ್ಲಿ ಹಿಂದಿ ಕಲಿಸುವವನು ನಾನು. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ ನಮ್ಮೂರಿನಲ್ಲಿ ಹಿಂದಿಯ ಯಾವ ತೊಡಕು ಬಂದರೂ ನನ್ನ ಮನೆಗೇ ಬರುತ್ತದೆ. ಬಸ್‌ಸ್ಟ್ಯಾಂಡಿನ ಹತ್ತಿಪ್ಪತ್ತು ಜನ ಈ ಕುಂಟುವ ಸಿಪಾಯಿಯನ್ನು ಮೆರವಣಿಗೆಯಂತೆ ಕರೆದುಕೊಂಡು ಬಂದು, "ಮೇಷ್ಟ್ರೇ, ಇವರು ಏನೋ ಹೇಳ್ತಾರೆ, ನಮಗೆ ತಿಳಿವಲ್ದು" ಎಂದರು. ನಿಜ ಹೇಳಿದರೆ ನನಗೂ ಮೊದಲು ತಿಳಿಯಲಿಲ್ಲ. ನಾನು ಪುಸ್ತಕದಿಂದ ಕಲಿತ ಹಿಂದಿಯವನು, ಅವನು ಹಿಮಾಲಯದ ಮಗ್ಗುಲಿನ ಗಢವಾಲಿನವನು. ನಾನು "ನಿಮ್ಮ ಆಗಮನದ ಪ್ರಯೋಜನವೇನು" ಎಂದು ಶುದ್ಧವಾಗಿ ಕೇಳಿದ್ದಕ್ಕೆ ಅವನು ಗಾಬರಿಯಾಗಿ ತನ್ನ ರಜೆಯ ಕಾಗದ ತೆಗೆದು ತೋರಿಸಿದ.

ಕೊನೆಗೆ ತಿಳಿದದ್ದು ಇಷ್ಟು. ಕಾಲಿಗೆ ಗುಂಡು ಬಿದ್ದು ಧನಸಿಂಗ್ ಮಿಲಿಟರಿ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಹಾಸಿಗೆಯಲ್ಲಿ ನಮ್ಮ ಕಡೆಯ ಸಿಪಾಯಿಯೊಬ್ಬನಿದ್ದ. ಹೆಸರು ಸಿದ್ದಪ್ಪ. ಹೊಟ್ಟೆಗೆ ಗುಂಡು ತಗಲಿತ್ತು. ಗಾಯವಾದಾಗ ಅವನನ್ನು ಸುತ್ತಿ ತಂದದ್ದು ಅವನದೇ ಕಂಬಳಿಯಲ್ಲಿ. ಹದಿನೆಂಟು ದಿನ ಇಬ್ಬರೂ ಅಕ್ಕಪಕ್ಕ ಮಲಗಿದ್ದರು, ಆಮೇಲೆ ಸಿದ್ದಪ್ಪ ತೀರಿಕೊಂಡ. ಅವನ ಕಾಗದಪತ್ರ, ಪೆಟ್ಟಿಗೆ ಎಲ್ಲ ಅವನ ಪಲ್ಟನ್ನಿಗೆ ಹೋದವು. ಧನಸಿಂಗನದು ಬೇರೆ ಪಲ್ಟನ್. ಕಂಬಳಿ ಮಾತ್ರ ಅವನ ಕೈಯಲ್ಲಿ ಉಳಿಯಿತು. ಅದನ್ನು ಸಿದ್ದಪ್ಪನ ತಾಯಿಗೆ ಕೊಡಬೇಕು, ಒಂದು ಮಾತು ಹೇಳಬೇಕು, ಅದಕ್ಕೇ ಬಂದೆ ಎಂದ.

"ಯಾವ ಊರು?" ಎಂದೆ.

"ಹೊಸಹಳ್ಳಿ, ಮೈಸೂರು ರಾಜ್ಯ" ಎಂದ.

ಸುತ್ತ ನಿಂತವರೆಲ್ಲ ನಕ್ಕರು. ಆಮೇಲೆ ನಕ್ಕದ್ದಕ್ಕೆ ನಾಚಿಕೊಂಡರು. ನಮ್ಮ ಸೀಮೆಯಲ್ಲಿ ಹೊಸಹಳ್ಳಿಯಿಲ್ಲದ ತಾಲ್ಲೂಕು ಎಲ್ಲಿದೆ? ಹಳೆಯ ಊರು ಹಾಳಾದಾಗ, ಕೆರೆ ಒಡೆದಾಗ, ಅಣ್ಣತಮ್ಮಂದಿರು ಬೇರೆಯಾದಾಗ ಜನ ಎದ್ದುಹೋಗಿ ಕಟ್ಟಿಕೊಂಡದ್ದೆಲ್ಲ ಹೊಸಹಳ್ಳಿಯೇ. ಇನ್ನೂರು ವರ್ಷ ಹಳೆಯದಾದ ಹೊಸಹಳ್ಳಿಗಳೂ ಇವೆ. ಇದನ್ನು ಗಢವಾಲಿನವನಿಗೆ ವಿವರಿಸುವಷ್ಟರಲ್ಲಿ ನನ್ನ ಹಿಂದಿ ಪೂರ್ತಿ ಖರ್ಚಾಯಿತು.

ಅವನಿಗೆ ಗೊತ್ತಿದ್ದ ಇನ್ನೊಂದು ಗುರುತೆಂದರೆ ಕೆರೆ. "ಆ ದಡ ಕಾಣದಷ್ಟು ದೊಡ್ಡ ಕೆರೆಯ ಹತ್ತಿರ ಕುರಿ ಮೇಯಿಸುತ್ತಿದ್ದೆ ಅನ್ನುತ್ತಿದ್ದ" ಎಂದ. ದಾವಣಗೆರೆ ಸ್ಟೇಷನ್ನಿನ ಹಮಾಲಿಗಳು ಕಂಬಳಿ ನೋಡಿ ಇದು ಜಗಳೂರು ಸೀಮೆಯದು ಎಂದು ನಮ್ಮೂರ ಬಸ್ಸು ಹತ್ತಿಸಿದ್ದರು. ನಾನು ಕಂಬಳಿ ನೇಯುವ ಕರಿಯಪ್ಪಜ್ಜನಿಗೆ ತೋರಿಸಿದೆ. ಅಜ್ಜ ಅಂಚನ್ನು ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದು, "ಇದು ನಮ್ಮ ಕೈ ಅಲ್ಲ ಮೇಷ್ಟ್ರೇ. ನಾವು ಅಂಚಿಗೆ ಕೆಂಪೆಳೆ ಹಾಕ್ತೀವಿ. ಇದು ಬಿಳೇದು ಐತೆ. ಚನ್ನಗಿರಿ, ಹೊನ್ನಾಳಿ ಕಡೆ ನೋಡ್ರಿ" ಎಂದ. ದಡ ಕಾಣದ ಕೆರೆ, ಚನ್ನಗಿರಿ ಎಂದ ಮೇಲೆ ಸೂಳೆಕೆರೆಯೇ ಸರಿ ಎಂದು ತೀರ್ಮಾನಿಸಿದೆ.

ನಾನೇಕೆ ಜೊತೆಗೆ ಹೊರಟೆ ಎಂದು ಹೆಂಡತಿ ಕೇಳಿದಳು. ಅವನ ಲೆಕ್ಕ ಕೇಳಿದ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಇಪ್ಪತ್ತು ದಿನದ ರಜೆ. ಇಲ್ಲಿಗೆ ಬರಲು ನಾಲ್ಕು ದಿನ ಹೋಗಿತ್ತು. ಇಲ್ಲಿಂದ ಅವನ ಊರಿಗೆ ರೈಲು, ಬಸ್ಸು, ನಡಿಗೆ ಎಲ್ಲ ಸೇರಿ ಆರು ದಿನ, ಅಲ್ಲಿಂದ ಪಲ್ಟನ್ನಿಗೆ ನಾಲ್ಕು. ಉಳಿದದ್ದು ಆರೇ ದಿನ. ಎರಡೂವರೆ ವರ್ಷದಿಂದ ಅವನ ತಾಯಿ ಅವನನ್ನು ಕಂಡಿಲ್ಲ, ಕಾಲಿನ ವಿಷಯ ಕಾಗದದಲ್ಲಿ ಮಾತ್ರ ಗೊತ್ತು. ಇಲ್ಲಿ ಕಳೆಯುವ ಒಂದೊಂದು ದಿನವೂ ಆ ತಾಯಿಯ ಪಾಲಿನಿಂದಲೇ ಹೋಗಬೇಕು. ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ದೇಶಸೇವೆಯ ಬಗ್ಗೆ ಅರ್ಧ ಗಂಟೆ ಭಾಷಣ ಮಾಡುವ ನಾನು ಮೂರು ದಿನ ಬಸ್ಸಿನಲ್ಲಿ ಕೂರಲಾರೆನೇ?

ದಾವಣಗೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ತಿಂದು ಚನ್ನಗಿರಿ ಬಸ್ಸು ಹಿಡಿದೆವು. ಟಿಕೆಟ್ಟು ಕೇಳಿದ ಕಂಡಕ್ಟರ್ ಸಿಪಾಯಿಯ ಕೋಲನ್ನೂ ಟೋಪಿಯನ್ನೂ ನೋಡಿ, ಒಂದೇ ಟಿಕೆಟ್ಟು ಹರಿದು ನನ್ನ ಕೈಗೆ ಕೊಟ್ಟ. "ಇನ್ನೊಂದು?" ಎಂದೆ. "ಅದನ್ನ ಚೆಕಿಂಗ್‌ನೋರು ಬಂದಾಗ ನಾನು ನೋಡ್ಕಂತೀನಿ, ನೀವು ಕುಂದ್ರಿ" ಎಂದ. ಬಿಸಿಲು ಹೊಡೆಯುತ್ತಿತ್ತು. ಭದ್ರಾ ನಾಲೆಯ ನೀರು ಕಂಡಲ್ಲೆಲ್ಲ ಬೇಸಿಗೆಯ ಭತ್ತ ಹಸಿರಾಗಿತ್ತು, ನಾಲೆ ತಪ್ಪಿದ ಕಡೆ ಬರೀ ಕೆಮ್ಮಣ್ಣು. ಧನಸಿಂಗ್ ಎರಡನ್ನೂ ಒಂದೇ ಕುತೂಹಲದಿಂದ ನೋಡುತ್ತಿದ್ದ.

ಸೂಳೆಕೆರೆಯ ಏರಿ ಕಂಡಾಗ ಅವನು ಎದ್ದು ನಿಂತುಬಿಟ್ಟ. ಬೇಸಿಗೆಯಲ್ಲೂ ನೀರು ಕಣ್ಣು ಹರಿದಷ್ಟು ದೂರ ಇತ್ತು. "ಇದೇ! ಇದೇ!" ಎಂದ. ಆ ಬದಿಯಲ್ಲಿ ಒಂದು ಹೊಸಹಳ್ಳಿ ಇದೆಯೆಂದು ಬಸ್ಸಿನಲ್ಲಿದ್ದ ಮೀನಿನ ವ್ಯಾಪಾರಿಯೊಬ್ಬ ಹೇಳಿದ್ದರಿಂದ ಅಲ್ಲೇ ಇಳಿದು ಒಂದು ಮೈಲಿ ನಡೆದೆವು. ಕೋಲೂರಿಕೊಂಡು ಬರುವ ಸಿಪಾಯಿಯ ಸುದ್ದಿ ನಮಗಿಂತ ಮೊದಲೇ ಊರು ಮುಟ್ಟಿತ್ತು.

ಊರಿನ ಹಿರಿಯ ರುದ್ರಗೌಡರು ಕಟ್ಟೆಯ ಮೇಲೆ ಚಾಪೆ ಹಾಸಿಸಿದರು. "ಸಿದ್ದಪ್ಪ ಅಂದ್ರಾ? ನಮ್ಮೂರಾಗೆ ಆರು ಜನ ಸಿದ್ದಪ್ಪ ಅದಾರೆ" ಎಂದು ಆರೂ ಜನರನ್ನು ಕರೆಸಿದರು. ಆರೂ ಜನ ದೇವರ ದಯೆಯಿಂದ ಗಟ್ಟಿಮುಟ್ಟಾಗಿ ಬದುಕಿದ್ದರು. ನನಗೆ ನಿರಾಸೆಯಾಯಿತು, ಕೂಡಲೇ ಆ ನಿರಾಸೆಗೆ ನಾಚಿಕೆಯೂ ಆಯಿತು. ಆದರೆ ಊರವರು ಬಿಡುವ ಹಾಗೆ ಕಾಣಲಿಲ್ಲ. "ನಮ್ಮ ಕೆರೆ ಸುದ್ದಿ ಹೇಳ್ಯಾನೆ ಅಂದ ಮೇಲೆ ನಮ್ಮೋನೇ ಇರಬೇಕು ಬಿಡ್ರಿ" ಎಂದು ಒಬ್ಬ. "ನಮ್ಮಜ್ಜನ ತಮ್ಮನ ಕಡೆಯೋರು ಯಾವಾಗೋ ಊರು ಬಿಟ್ಟಿದ್ರು, ಅವರ ಪೈಕಿ ಯಾಕಾಗಬಾರದು?" ಎಂದು ಇನ್ನೊಬ್ಬ. ಕೊನೆಗೆ ರುದ್ರಗೌಡರೇ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ನಮ್ಮೂರಿಂದ ಒಬ್ಬನೂ ಮಿಲ್ಟ್ರಿಗೆ ಹೋಗಿಲ್ಲ ಮೇಷ್ಟ್ರೇ. ಯುದ್ಧ ಆಗುವಾಗ ರೇಡಿಯೋ ಮುಂದೆ ಕುಂತು ಕೇಳಿದ್ವಿ, ಅಷ್ಟೇ. ಇವರಿಗೊಂದು ಹಾರ ಹಾಕಾಕಾದ್ರೂ ಬಿಡ್ರಿ."

ಹೀಗೆ ಕೇಳಿದ ಮೇಲೆ ಬೇಡವೆನ್ನುವುದು ಹೇಗೆ? ಹಾರ ಬಂತು, ಮಕ್ಕಳು ಜೈ ಎಂದರು, ಬೆಲ್ಲದ ಪಾನಕ ಕುಡಿದದ್ದಾಯಿತು. ನನ್ನಿಂದ ಭಾಷಣವನ್ನೂ ಮಾಡಿಸಿದರು. ನಾನು ಆಗಸ್ಟ್ ಹದಿನೈದರದನ್ನೇ ಅರ್ಧಕ್ಕೆ ಇಳಿಸಿ ಹೇಳಿದೆ. ಧನಸಿಂಗ್ ಕೊರಳಲ್ಲಿ ಕಣಗಿಲೆ ಹಾರ ಹಾಕಿಕೊಂಡು ರಸ್ತೆಯ ಕಡೆಗೇ ನೋಡುತ್ತಿದ್ದ. ಆ ಹೊತ್ತಿಗೆ ಮಧ್ಯಾಹ್ನದ ಬಸ್ಸು ಹೊರಟುಹೋಗಿತ್ತು. ಎತ್ತಿನಗಾಡಿಯಲ್ಲಿ ಕೆರೆಬಿಳಚಿಗೆ ಬಂದು, ಸಂಜೆಯ ಬಸ್ಸಿಗೆ ಕಾದು, ಚನ್ನಗಿರಿ ಮುಟ್ಟಿದಾಗ ಆರು ದಿನದಲ್ಲಿ ಒಂದು ಮುಗಿದಿತ್ತು.

ಮರುದಿನ ಬೆಳಿಗ್ಗೆ ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಹತ್ತಿರ ಧನಸಿಂಗ್ ಥಟ್ಟನೆ ನಿಂತ. ಎದುರಿಗೆ ತಗಡಿನ ಬೋರ್ಡು. ಕನ್ನಡದಲ್ಲಿ ಏನಿದೆಯೋ ಅವನಿಗೆ ತಿಳಿಯದು, ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ 'ಮಿಲಿಟರಿ ಹೋಟೆಲ್' ಎಂದಿತ್ತು. ಅವನ ಮುಖ ಅರಳಿತು. ಟೋಪಿ ಸರಿಮಾಡಿಕೊಂಡ, ಗುಂಡಿ ಹಾಕಿಕೊಂಡ. ನಾನು ತಡೆಯುವಷ್ಟರಲ್ಲಿ ಒಳಗೆ ಹೋಗಿ, ಗಲ್ಲಾದ ಮುಂದೆ ನೆಟ್ಟಗೆ ನಿಂತು, ತನ್ನ ರಜೆಯ ಕಾಗದವನ್ನು ಮಾಲೀಕರ ಮುಂದಿಟ್ಟ. ನಮ್ಮಲ್ಲಿ ಮಿಲಿಟರಿ ಹೋಟೆಲ್ ಎಂದರೆ ಮಾಂಸದೂಟದ ಹೋಟೆಲು, ಅದಕ್ಕೂ ಸೈನ್ಯಕ್ಕೂ ಸಂಬಂಧವಿಲ್ಲ ಎಂದು ಯಾರು ಅವನಿಗೆ ಹೇಳಬೇಕು! ಹುಟ್ಟಿದಾಗಿನಿಂದ ಮಾಂಸದ ಹೋಟೆಲಿನ ಹೊಸ್ತಿಲು ದಾಟದ ನಾನು ಹೊರಗೆ ನಿಂತು ಒದ್ದಾಡಿದೆ.

ಮಾಲೀಕರು ಖಾದರ್ ಸಾಬರು, ಬಿಳಿ ಗಡ್ಡದ ದೊಡ್ಡ ಮನುಷ್ಯ. ಕಾಗದವನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ಪೂರ್ತಿ ನೋಡಿದರು. ಹುಡುಗನ ಕಾಲು ನೋಡಿದರು. ಎದ್ದು ನಿಂತರು. "ಬರೋಬ್ಬರಿ ಜಾಗಕ್ಕೇ ಬಂದೆ ಬೇಟಾ, ಫೌಜಿಗಳದೇ ಹೋಟೆಲು ಇದು, ಕೂತ್ಕೋ" ಎಂದು ತಮ್ಮ ಉರ್ದುವಿನಲ್ಲಿ ಹೇಳಿದರು. ಅವನಿಗೆ ಒಂದೊಂದು ಮಾತೂ ತಿಳಿಯಿತು. ಅವರ ಮನೆಮಾತಿಗೆ ಅವನು ನಗುತ್ತ ಉತ್ತರ ಕೊಡುತ್ತಿದ್ದ. ನಾಲ್ಕು ಪರೀಕ್ಷೆ ಪಾಸು ಮಾಡಿದ ನನ್ನ ಹಿಂದಿ ಬಾಗಿಲಲ್ಲಿ ನಿಂತು ನೋಡುತ್ತಿತ್ತು.

ಕೈಮಾ, ಚಪಾತಿ ಎರಡೆರಡು ಸಲ ಬಡಿಸಿದರು. ದುಡ್ಡು ಕೊಡಲು ಹೋದವನ ಕೈ ಹಿಂದಕ್ಕೆ ದೂಡಿ, "ಸರ್ಕಾರ ಕೊಡ್ತದೆ" ಎಂದು ಸುಳ್ಳು ಹೇಳಿದರು. ಆಮೇಲೆ ಹೊರಗೆ ಬಂದು ನನ್ನ ಹತ್ತಿರ, "ಹನ್ನೆರಡು ವರ್ಷದಿಂದ ಬೋರ್ಡು ಹಾಕೀನ್ರಿ ಮೇಷ್ಟ್ರೇ. ಒಬ್ಬ ಮಿಲ್ಟ್ರಿಯೋನೂ ಬಂದಿರಲಿಲ್ಲ. ಇವತ್ತು ಬೋರ್ಡು ನಿಜ ಆತು" ಎಂದರು. ಅವರ ಕಣ್ಣು ತುಂಬಿದ್ದವು. ನಾನು ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತು ಒಂದು ಚಹಾ ಕುಡಿದೆ. ಮನೆಯಲ್ಲಿ ಇದನ್ನು ಇವತ್ತಿನವರೆಗೂ ಹೇಳಿಲ್ಲ.

ಚನ್ನಗಿರಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರೊಬ್ಬರು ಸೈನ್ಯಕ್ಕೆ ಹೋದವರ ಪಟ್ಟಿ ತೆಗೆದು, ಯಾವ ಹೊಸಹಳ್ಳಿಯಲ್ಲೂ ಅಂಥವನಿಲ್ಲ ಎಂದು ಖಚಿತಪಡಿಸಿದರು. ಹೊನ್ನಾಳಿ ಬಸ್ಸು ಹತ್ತಿದೆವು. ಹೊನ್ನಾಳಿಯಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಆಗ ನನ್ನ ತಲೆಗೆ ಹೊಳೆಯಿತು: ಯುದ್ಧದಲ್ಲಿ ಸತ್ತವನ ಮನೆಗೆ ತಂತಿ ಬಂದೇ ಬಂದಿರುತ್ತದೆ, ತಂತಿಯೆಂದರೆ ಪೋಸ್ಟಾಫೀಸು! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ನನ್ನ ಬುದ್ಧಿವಂತಿಕೆಗೆ ಆ ತಾಯಿಯ ಒಂದೂವರೆ ದಿನ ಹೋಗಿತ್ತು.

ಆದರೆ ಪೋಸ್ಟಾಫೀಸಿನವರು ಊಟಕ್ಕೆ ಹೋಗಿದ್ದರು. ಕಾಯುತ್ತ ಹೊಳೆಯ ದಂಡೆಗೆ ಬಂದು ಮರದ ನೆರಳಲ್ಲಿ ಕುಳಿತೆವು. ತುಂಗಭದ್ರೆ ಸಣ್ಣಗೆ ಹರಿಯುತ್ತಿದ್ದಳು. ಹೆಂಗಸೊಬ್ಬಳು ಬಗ್ಗಿ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದುದನ್ನು ನೋಡುತ್ತಿದ್ದ ಧನಸಿಂಗ್, ತಾಯಿಗೆ ಹೇಳಬೇಕಾದ ಆ ಒಂದು ಮಾತನ್ನು ಮೊದಲು ನನಗೆ ಹೇಳಿದ.

ಹೊಟ್ಟೆಗೆ ಗುಂಡು ಬಿದ್ದವರಿಗೆ ನೀರು ಕೊಡಬಾರದೆಂದು ಡಾಕ್ಟರ್ ಕಟ್ಟಪ್ಪಣೆ ಮಾಡಿದ್ದರು. ತುಟಿ ಒದ್ದೆ ಮಾಡಬಹುದು, ಅಷ್ಟೇ. ಸಿದ್ದಪ್ಪ ದಿನಗಟ್ಟಲೆ ನೀರು ನೀರು ಎಂದು ಬೇಡಿದ. ಕೊನೆಯ ಎರಡು ದಿನ ಅವನಿಗೆ ಹಿಂದಿ ಮರೆತುಹೋಯಿತು, ತನ್ನ ಭಾಷೆಯಲ್ಲೇ ಕೇಳುತ್ತಿದ್ದ. "ನಿಮ್ಮ ಭಾಷೆಯಲ್ಲಿ ನನಗೆ ಗೊತ್ತಿರುವುದು ಅದೊಂದೇ ಮಾತು. ನೀರು" ಎಂದ ಧನಸಿಂಗ್. ಒಂದು ಬೆಳಿಗ್ಗೆ ಯಾರೂ ಇಲ್ಲದಾಗ ಕುಂಟುತ್ತ ಎದ್ದು ಹೋಗಿ, ತಲೆ ಎತ್ತಿ ಹಿಡಿದು, ಒಂದು ಲೋಟ ನೀರು ಪೂರ್ತಿ ಕುಡಿಸಿದ. ಮಧ್ಯಾಹ್ನದೊಳಗೆ ಸಿದ್ದಪ್ಪ ಹೋದ.

"ಹೇಗಿದ್ದರೂ ಉಳಿಯುತ್ತಿರಲಿಲ್ಲ ಅಂತ ಕಾಂಪೌಂಡರ್ ಹೇಳಿದ. ಆದರೆ ಅವನಿಗೆ ಹೇಗೆ ಗೊತ್ತು? ನನ್ನ ಕೈಯಿಂದ ಸತ್ತನೋ ಏನೋ. ಅವನ ತಾಯಿಗೆ ಹೇಳದೆ ನನ್ನ ತಾಯಿಯ ಮುಂದೆ ಹೋಗಿ ನಿಲ್ಲಲಾರೆ" ಎಂದ.

ಇದನ್ನು ಆ ತಾಯಿಗೆ ಕನ್ನಡದಲ್ಲಿ ಹೇಳಬೇಕಾದವನು ನಾನು ಎಂಬುದು ಆಗ ನೆನಪಾಯಿತು. ಮೆತ್ತಗೆ ಮಾಡಿ ಹೇಳಿದರಾಯಿತು ಎಂದುಕೊಂಡೆ. ಅವನು ನನ್ನ ಮುಖ ನೋಡಿ, "ಇದ್ದದ್ದು ಇದ್ದ ಹಾಗೇ ಹೇಳಬೇಕು, ಮಾಸ್ಟರ್‌ಜಿ" ಎಂದ.

ಪೋಸ್ಟಾಫೀಸು ತೆರೆದ ಮೇಲೆ ಕೆಲಸ ಎರಡೇ ನಿಮಿಷದಲ್ಲಿ ಆಯಿತು. ತಂತಿ ಮುಟ್ಟಿಸುವ ಹನುಮಂತಪ್ಪ, "ನ್ಯಾಮತಿ ಕಡೆ ಹೊಸಹಳ್ಳಿ ರೀ. ಆ ತಂತಿ ಒಯ್ದೋನು ನಾನೇ. ಹಾಲಮ್ಮ ಅಂತ ಆಯಮ್ಮನ ಹೆಸರು. ಓದಾಕೇ ಬಿಡಲಿಲ್ಲ. ನನ್ನ ಮುಖ ನೋಡಿ, ಹೋದ್ನಾ ಅಂದ್ಲು. ಇಪ್ಪತ್ತು ವರ್ಷದ ನೌಕರಿನಾಗೆ ಅಂಥ ದಿನ ಕಂಡಿಲ್ಲ ನಾನು" ಎಂದ. ಸೂಳೆಕೆರೆಗೂ ಆ ಊರಿಗೂ ಏನು ಸಂಬಂಧ ಎಂದರೆ, ಬೇಸಿಗೆಯಲ್ಲಿ ಅವರ ಕುರಿಹಿಂಡು ಮೇಯಲು ಅಷ್ಟು ದೂರ ಹೋಗುತ್ತಿತ್ತಂತೆ.

ನ್ಯಾಮತಿಗೆ ಸಂಜೆಯ ಬಸ್ಸಿನಲ್ಲಿ ಹೋಗಿ ಪರಿಚಯದ ಮೇಷ್ಟ್ರ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಎರಡು ಮೈಲಿ ನಡಿಗೆ. ಈ ಹೊಸಹಳ್ಳಿ ರಸ್ತೆಯ ಪಕ್ಕದಲ್ಲೇ ಇತ್ತು. ಶಾಲೆಯ ಗೋಡೆಯ ಮೇಲೆ ಸುಣ್ಣದಲ್ಲಿ 'ವೀರ ಸಿದ್ದಪ್ಪ' ಎಂದು ಬರೆದಿದ್ದರು. ಅದನ್ನು ಓದಿ ಹೇಳಿದಾಗ ಧನಸಿಂಗ್ ಕಂಬಳಿಯನ್ನು ಎದೆಗೆ ಒತ್ತಿಕೊಂಡ.

ಹಾಲಮ್ಮನ ಮನೆಯ ಮುಂದೆ ಕ್ಷಣದಲ್ಲಿ ಊರೇ ನೆರೆಯಿತು. ಪಂಚಾಯ್ತಿ ಚೇರ್ಮನ್ನರು, "ನಮ್ಮ ಸಿದ್ದಪ್ಪ ಎಷ್ಟು ಜನ ವೈರಿಗಳನ್ನ ಕೆಡವಿದ ಅಂತ ಕೇಳ್ರಿ" ಎಂದರು. ಹುಡುಗರು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ಅವರ ಹೆಮ್ಮೆಯನ್ನು ನಾನು ಆಡಿಕೊಳ್ಳುವುದಿಲ್ಲ, ಆ ಜಾಗದಲ್ಲಿದ್ದಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಹಾಲಮ್ಮ ಮಾತ್ರ ಏನೂ ಕೇಳಲಿಲ್ಲ. ಒಣಕಲು ದೇಹದ, ಐವತ್ತು ದಾಟಿದ ಹೆಂಗಸು. ಕಂಬಳಿ ಇಸಿದುಕೊಂಡು, ಅಂಚಿನ ಬಿಳಿ ಎಳೆ ಮುಟ್ಟಿ ನೋಡಿ, ಮುಖಕ್ಕೆ ಒತ್ತಿಕೊಂಡಳು. ಆಮೇಲೆ ಅದನ್ನೇ ಜಗಲಿಯ ಮೇಲೆ ಹಾಸಿ ಧನಸಿಂಗನನ್ನು ಕೂರಿಸಿದಳು.

ಅವನು ಕೂತ ಮೇಲೆ ಹೇಳತೊಡಗಿದ. ಒಂದೊಂದು ವಾಕ್ಯಕ್ಕೂ ನಿಲ್ಲಿಸಿದ, ಒಂದೊಂದನ್ನೂ ನಾನು ಇದ್ದ ಹಾಗೇ ಕನ್ನಡಕ್ಕೆ ತಂದೆ. ಡಾಕ್ಟರ್ ನೀರು ಬೇಡ ಅಂದಿದ್ದರು. ನಾನು ಕೊಟ್ಟೆ. ಒಂದು ಲೋಟ. ಅವತ್ತೇ ಮಧ್ಯಾಹ್ನ ಅವನು ಹೋದ. ಚೇರ್ಮನ್ನರು ಬಾಯಿ ಬಿಟ್ಟುಕೊಂಡು ನಿಂತರು. ಧನಸಿಂಗ್ ತಲೆ ತಗ್ಗಿಸಿದ್ದ.

"ಏನಂದ್ರಿ?" ಎಂದಳು ಹಾಲಮ್ಮ. "ಇನ್ನೊಂದ್ಸಲ ಹೇಳ್ರಿ. ನೀರು ಕೊಟ್ನಾ?"

"ಕೊಟ್ಟನಂತೆ ತಾಯಿ."

"ಕುಡಿದ್ನಾ? ಗಂಟಲಾಗೆ ಇಳೀತಾ?"

ನಾನು ಕೇಳಿದೆ. ಅವನು ತಲೆಯೆತ್ತದೆ, "ಪೂರ್ತಿ ಕುಡಿದ. ಕುಡಿದು ನನ್ನ ಕೈ ಹಿಡಿದುಕೊಂಡ" ಎಂದ.

ಹಾಲಮ್ಮ ಜಗಲಿಯ ಕಂಬಕ್ಕೆ ಒರಗಿ ಕುಸಿದು ಕೂತಳು. "ತಂತಿ ಬಂದ ದಿನದಿಂದ ನನಗೆ ನೀರು ಗಂಟಲಾಗೆ ಇಳೀತಿರಲಿಲ್ಲ ಕಣ್ರೀ" ಎಂದು ಅತ್ತಳು. "ಬಾಯಿಗೆ ನೀರು ಬಿಡೋರಿಲ್ದೆ ಹೋದ, ಯಾವ ನಾಡಾಗೋ ಒಣಗಿದ ಬಾಯಾಗೆ ಹೋದ ಅಂತ. ಇವನು ಬಿಟ್ಟಾನೆ! ನಾನು ಮಾಡೋದು ಇವನು ಮಾಡ್ಯಾನೆ!" ಎದ್ದು ಬಂದು ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನಾನು ಅದನ್ನು ಅನುವಾದಿಸಬೇಕಾಗಿತ್ತು. ನನ್ನಿಂದ ಆಗಲಿಲ್ಲ. ಅನುವಾದ ಬೇಕಾಗಿಯೂ ಇರಲಿಲ್ಲ. ಮಗುವಿನಂತೆ ಅವನು ಗಟ್ಟಿಯಾಗಿ ಅಳುತ್ತಿದ್ದ.

ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮಜ್ಜಿಗೆ ಕೊಟ್ಟಳು. ಅವನು ತಿನ್ನುವುದನ್ನೇ ನೋಡುತ್ತ, "ಇವರ ಅವ್ವ ಅದಾಳಾ? ಮನಿಗೆ ಹೋಗಿ ಬಂದ್ನಾ?" ಎಂದು ಕೇಳಿದಳು. ಇನ್ನೂ ಹೋಗಿಲ್ಲ, ಇಲ್ಲಿಗೇ ಮೊದಲು ಬಂದ, ರಜೆ ಹೀಗೆ ಹೀಗೆ ಎಂದು ಹೇಳಿದೆ. ಅವಳಿಗೆ ಸಿಟ್ಟೇ ಬಂತು. "ಹಂಗಾದ್ರೆ ಇಲ್ಲಿ ಕುಂತು ಏನು ಮಾಡ್ತಾನೆ? ಆಕಿ ದಾರಿ ನೋಡ್ತಿರ್ತಾಳೆ. ಬಸ್ಸು ಎಷ್ಟೊತ್ತಿಗೆ ಐತ್ರೀ? ಏಳಪ್ಪಾ, ಏಳು!" ಇನ್ನೊಂದು ದಿನ ಇದ್ದು ಸನ್ಮಾನ ಮಾಡಿಸಿಕೊಂಡು ಹೋಗಲಿ ಎಂದ ಚೇರ್ಮನ್ನರನ್ನು ಕಣ್ಣಲ್ಲೇ ಸುಮ್ಮನಾಗಿಸಿದಳು.

ಊರೆಲ್ಲ ರಸ್ತೆಗೆ ಬಂತು. ದೂರದಲ್ಲಿ ಬಸ್ಸಿನ ಧೂಳು ಕಂಡಾಗ ಹಾಲಮ್ಮ ನನ್ನ ತೋಳು ಮುಟ್ಟಿ, "ಇವರ ಅವ್ವನ ಹೆಸರೇನು ಕೇಳ್ರಿ" ಎಂದಳು. ಕೇಳಿದೆ. "ಗೋಮತಿ" ಎಂದ ಅವನು. ಏಕೆ ಬೇಕಂತೆ ಎಂದು ನನ್ನನ್ನು ಕೇಳಿದ. ನನಗೂ ಗೊತ್ತಿರಲಿಲ್ಲ. ಬಸ್ಸು ನಿಂತಿತು, ಹತ್ತಿದೆವು. ಹುಡುಗರು "ಭಾರತ ಮಾತಾಕೀ" ಎಂದರು, ಊರು ಜೈ ಎಂದಿತು. "ವೀರ ಸಿದ್ದಪ್ಪನಿಗೆ" ಎಂದರು, ಊರು ಜೈ ಎಂದಿತು. ಆಗ ಹಾಲಮ್ಮ ಮುಂದೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ತನ್ನ ಒಡಕು ದನಿಯಲ್ಲಿ ಕೂಗಿದಳು:

"ಗೋಮತವ್ವಗೇ!"

ಊರು ಒಂದು ಕ್ಷಣ ತಡೆಯಿತು. ಆಮೇಲೆ, "ಜೈ!"

ಕಂಡಕ್ಟರ್ ಸೀಟಿ ಊದಿದರೂ ಡ್ರೈವರ್ ಗಾಡಿ ಬಿಡಲಿಲ್ಲ. ಮೂರು ಸಲ ಕೂಗಿ ಮುಗಿದ ಮೇಲೆಯೇ ಬಿಟ್ಟ. ನಾನು ತಿರುಗಿ ನೋಡಿದಾಗ ಧೂಳಿನಲ್ಲಿ ಹಾಲಮ್ಮನ ಕೈ ಇನ್ನೂ ಮೇಲೆಯೇ ಇತ್ತು. ಧನಸಿಂಗ್ ಕಣ್ಣೊರೆಸಿಕೊಂಡು, "ಗೋಮತಿ" ಎಂದು ಮೆಲ್ಲಗೆ ತಿದ್ದಿದ. ಸ್ವಲ್ಪ ದೂರ ಹೋದ ಮೇಲೆ, "ಅವರು ಹೇಗೆ ಅಂದರು, ಮಾಸ್ಟರ್‌ಜಿ?" ಎಂದು ಕೇಳಿದ.

"ಗೋಮತವ್ವ."

"ಗೋಮತವ್ವ, ಗೋಮತವ್ವ" ಎಂದು ಬಾಯಿಪಾಠ ಮಾಡತೊಡಗಿದ. ನಾನು ಅವನ ಮುಖ ನೋಡಿದ್ದಕ್ಕೆ, "ಹೋದ ಕೂಡಲೇ ಅವಳಿಗೆ ಹೇಳಬೇಕು, ದಾರಿಯಲ್ಲಿ ಮರೆತುಹೋದರೆ?" ಎಂದ.